ಹಿಂದಿನ ಸೀಟಿನಲ್ಲಿದ್ದ ಕಾಲು

ಸೊಸೆ ಏನು ಕೆಲಸ ಮಾಡುತ್ತಾಳೆ ಎಂದು ಯಾರಾದರೂ ಕೇಳಿದರೆ ಅತ್ತೆ "ಆಸ್ಪತ್ರೆಯಲ್ಲಿ" ಎಂದಷ್ಟೇ ಹೇಳಿ ಮಾತು ತಿರುಗಿಸಿಬಿಡುತ್ತಿದ್ದರು. ಕೇಳಿದವರು ಡಾಕ್ಟರೆಂದೋ ನರ್ಸೆಂದೋ ತಿಳಿದುಕೊಂಡರೆ ತಿಳಿದುಕೊಳ್ಳಲಿ, ತಾವೇನು ಸುಳ್ಳು ಹೇಳಲಿಲ್ಲವಲ್ಲ ಎನ್ನುವುದು ಅವರ ಸಮಾಧಾನ. ನಿಜದಲ್ಲಿ ಸೊಸೆ ಕಾಲು ಮಾಡುತ್ತಿದ್ದಳು. ಅಪಘಾತದಲ್ಲೋ ಕಾಯಿಲೆಯಲ್ಲೋ ಕಾಲು ಕಳೆದುಕೊಂಡವರಿಗೆ ಅಳತೆ ತೆಗೆದು, ಅಚ್ಚು ಹಾಕಿ, ಕೃತಕ ಕಾಲು ಕೂರಿಸುವ ಕೆಲಸ. ಆಸ್ಪತ್ರೆಯ ಹಿತ್ತಿಲಿನಲ್ಲಿದ್ದ ವರ್ಕ್‌ಶಾಪಿನಿಂದ ಸಂಜೆ ಮನೆಗೆ ಬಂದಾಗ ಅವಳ ಉಗುರಿನ ಸಂದಿಯಲ್ಲಿ ಬಿಳಿ ಪ್ಲಾಸ್ಟರ್ ಇರುತ್ತಿತ್ತು, ಕೂದಲಿನಲ್ಲಿ ಪ್ಲಾಸ್ಟಿಕ್ ಕಾಸಿದ ವಾಸನೆ ಇರುತ್ತಿತ್ತು. ಒಂದು ಸಲ ಬಚ್ಚಲಿನಲ್ಲಿ ಒಣಗಲು ಇಟ್ಟಿದ್ದ ಪ್ಲಾಸ್ಟರಿನ ಪಾದವನ್ನು ನಿದ್ದೆಗಣ್ಣಿನಲ್ಲಿ ಕಂಡು ಅತ್ತೆಗೆ ಜೀವ ಬಾಯಿಗೆ ಬಂದಿತ್ತು.

"ಬಡಗಿ ಕೆಲಸಕ್ಕೆ ಇಷ್ಟೆಲ್ಲ ಓದಬೇಕಿತ್ತೇನೋ?" ಎಂದು ಅವರು ಮಗನ ಹತ್ತಿರ ಗೊಣಗಿದ್ದುಂಟು. ಅವನು "ಅವಳನ್ನೇ ಕೇಳಮ್ಮ" ಎಂದು ಜಾರಿಕೊಂಡಿದ್ದ. ಅವಳನ್ನು ಕೇಳಲು ಅತ್ತೆಗೆ ಎಂದೂ ಮನಸ್ಸಾಗಿರಲಿಲ್ಲ. ಹಾಗೆಂದು ಅತ್ತೆ ಸೊಸೆಗೆ ಎಣ್ಣೆ ಸೀಗೆಕಾಯಿ ಸಂಬಂಧವೇನೂ ಅಲ್ಲ. ಒಬ್ಬರ ತಟ್ಟೆ ಇನ್ನೊಬ್ಬರು ತೊಳೆಯುತ್ತಿದ್ದರು, ಒಟ್ಟಿಗೆ ಕೂತು ಟೀವಿ ನೋಡುತ್ತಿದ್ದರು. ಆ ಕೆಲಸದ ವಿಷಯ ಮಾತ್ರ ಬರುತ್ತಿರಲಿಲ್ಲ.

ಆ ದಿನ ಸೊಸೆ ಒಬ್ಬ ಕಂಡಕ್ಟರಿಗೆ ಕಾಲು ತಲುಪಿಸಲು ಹೊರಟಿದ್ದಳು. ಊರಾಚೆಯ ತಮ್ಮ ಅಕ್ಕನ ಮನೆ ಅದೇ ದಾರಿಯಲ್ಲಿದ್ದುದರಿಂದ ಅತ್ತೆಯೂ ಜೊತೆಗೆ ಹೊರಟರು. ಮನೆಯವರಿಗೆ ಸ್ವಂತ ಕಾರಿರಲಿಲ್ಲ. ಬಡಾವಣೆಯ ಹಲವು ಮನೆಯವರು ಸೇರಿ ಇಟ್ಟುಕೊಂಡಿದ್ದ ಎಲೆಕ್ಟ್ರಿಕ್ ಕಾರು ಮೂಲೆಯ ಔಷಧಿ ಅಂಗಡಿಯ ಪಕ್ಕದಲ್ಲಿ ನಿಂತಿರುತ್ತಿತ್ತು. ಬೇಕಾದವರು ಮುಂಚೆಯೇ ಫೋನಿನಲ್ಲಿ ಗೊತ್ತುಮಾಡಿಕೊಂಡು ತೆಗೆದುಕೊಂಡು ಹೋಗಬಹುದು. ವಾಪಸ್ಸು ನಿಲ್ಲಿಸುವಾಗ ಮುಂದಿನವರಿಗೆ ಸಾಕಾಗುವಷ್ಟು ಚಾರ್ಜ್ ಉಳಿಸಿರಬೇಕು ಎನ್ನುವುದೊಂದೇ ಕಟ್ಟುನಿಟ್ಟಿನ ನಿಯಮ.

ಹಿಂದಿನ ಸೀಟಿನಲ್ಲಿ ಕಾಲು ಕೂತಿತ್ತು. ಅದಕ್ಕೆ ಕಪ್ಪು ಬೂಟು ತೊಡಿಸಿ, ಟವೆಲ್ ಸುತ್ತಿ, ಸೊಸೆ ಸೀಟ್ ಬೆಲ್ಟ್ ಹಾಕಿದ್ದಳು. ಅತ್ತೆ ಕನ್ನಡಿಯಲ್ಲಿ ಅದನ್ನು ನೋಡುವುದು, ಮತ್ತೆ ಮುಖ ಆಚೆ ತಿರುಗಿಸುವುದು, ಹೀಗೇ ಮಾಡುತ್ತಿದ್ದರು.

"ಅದಕ್ಕೂ ಬೆಲ್ಟಾ?"

"ನಿಮಗಿಂತ ಅದಕ್ಕೇ ಜಾಸ್ತಿ ಬೇಕು ಅತ್ತೆ. ನೀವು ಬಿದ್ರೆ ಎದ್ದು ಕೂರ್ತೀರ" ಎಂದಳು ಸೊಸೆ. ಅಷ್ಟರಲ್ಲಿ ಅವಳ ಕಣ್ಣು ಸ್ಟೇರಿಂಗಿನ ಮುಂದಿನ ಪರದೆಯ ಮೇಲೆ ಹೋಯಿತು. ಬ್ಯಾಟರಿಯ ಚಿತ್ರ ಕೆಂಪಾಗಿತ್ತು. ಹಿಂದೆ ಕಾರು ಒಯ್ದವರು ಯಾರೋ ಬಸಿದು ಬರಿದು ಮಾಡಿಟ್ಟು ಹೋಗಿದ್ದರು. ಹೊರಡುವ ಗಡಿಬಿಡಿಯಲ್ಲಿ ಅವಳು ಅದನ್ನು ನೋಡಿರಲಿಲ್ಲ.

"ಏನಾಯ್ತೇ?"

"ಕಂಡಕ್ಟರ್ ಮನೆ ತನಕ ಹೋಗಲ್ಲ ಇದು."

ಅದೃಷ್ಟಕ್ಕೆ ಮುಂದಿನ ವೃತ್ತದ ಬಳಿ, ದೊಡ್ಡ ಪೀಠೋಪಕರಣದ ಅಂಗಡಿಯ ಮಗ್ಗುಲಲ್ಲಿ ಚಾರ್ಜಿಂಗ್ ಸ್ಟೇಷನ್ ಇತ್ತು. ತಗಡಿನ ಚಾವಣಿ, ಅದರಡಿ ಎರಡು ಚಾರ್ಜರ್ ಕಂಬ, ಒಂದು ಉದ್ದನೆಯ ಬೆಂಚು, ನೆಲದ ಮೇಲೆ ಗಾಡಿ ನಿಲ್ಲಿಸಲು ಬಳಿದ ಹಸಿರು ಪಟ್ಟೆ. ಒಂದು ಕಂಬಕ್ಕೆ "ಕೆಟ್ಟಿದೆ" ಎಂದು ಬರೆದ ಕಾಗದ ಅಂಟಿಸಿದ್ದರು. ಇನ್ನೊಂದು ಖಾಲಿಯಿತ್ತು. ಸೊಸೆ ಕಾರು ನಿಲ್ಲಿಸಿ, ಕಾರ್ಡು ತೋರಿಸಿ, ತೋಳಿನಷ್ಟು ದಪ್ಪದ ಕೇಬಲ್ಲನ್ನು ಎಳೆದು ಕಾರಿಗೆ ಚುಚ್ಚಿದಳು. ಹಸಿರು ದೀಪ ಹತ್ತಿತು. ಅದು ನಿಧಾನದ ಕಂಬ, ಬೇಗನೆ ತುಂಬುವ ಲಕ್ಷಣವಿರಲಿಲ್ಲ.

ಅವಳು ಕಂಡಕ್ಟರಿಗೆ ಫೋನ್ ಮಾಡಿ ವಿಷಯ ಹೇಳಿದಳು. ಅವನು ಹೇಳಿದ್ದು ಅತ್ತೆಗೂ ಕೇಳಿಸಿತು: "ನೀವು ಅಲ್ಲೇ ಇರಿ ಮೇಡಂ. ನಾನೇ ಬರ್ತೀನಿ. ಬಸ್ಸಿನವನಿಗೆ ಬಸ್ಸು ಸಿಗಲ್ವಾ?"

"ಅಷ್ಟು ಅವಸರ ಏನಿದೆ? ನಾಳೆ ಕೊಟ್ರಾಗಲ್ವಾ?" ಅತ್ತೆ ಕೇಳಿದರು.

ಸೊಸೆ ಬೆಂಚಿನ ಮೇಲೆ ಕೂತು ಹೇಳಿದಳು. ಕಂಡಕ್ಟರನ ಎಡಗಾಲು ಮೊಣಕಾಲಿನ ಕೆಳಗೆ ಹೋಗಿ ಒಂದು ವರ್ಷದ ಮೇಲಾಗಿತ್ತು. ಈ ಮಧ್ಯಾಹ್ನ ಡಿಪೋದಲ್ಲಿ ಪರೀಕ್ಷೆ. ಬಸ್ಸಿನ ಮೆಟ್ಟಿಲು ಹತ್ತಿ ಇಳಿಯಬೇಕು, ಓಡುವ ಬಸ್ಸಿನಲ್ಲಿ ಕಂಬಿ ಬಿಟ್ಟು ನಿಲ್ಲಬೇಕು. ಪಾಸಾದರೆ ಮತ್ತೆ ಬಸ್ಸಿನ ಮೇಲೆ ಕೆಲಸ, ಆಗದಿದ್ದರೆ ಟಿಕೆಟ್ ಕಿಟಕಿಯ ಹಿಂದೆ ಕುರ್ಚಿ. ಮೊದಲು ಮಾಡಿದ ಕಾಲು ಒತ್ತಿ ಗಾಯವಾಗುತ್ತಿತ್ತು. ಅದಕ್ಕೇ ಅವಳು ಕಾಲು ಕೂರುವ ಬಟ್ಟಲನ್ನು ಹೊಸದಾಗಿ ಮಾಡಿದ್ದಳು. ಅದು ನಿನ್ನೆಯಷ್ಟೇ ತಯಾರಾಗಿತ್ತು.

"ಕುರ್ಚಿ ಸಿಕ್ಕಿದ್ರೆ ಒಳ್ಳೇದೇ ಅಲ್ವಾ ಪಾಪ" ಎಂದರು ಅತ್ತೆ.

"ಅವರಿಗೆ ಬೇಡ ಅತ್ತೆ."

ಸ್ವಲ್ಪ ಹೊತ್ತಿಗೆ ಒಂದು ಬಸ್ಸು ಬಂದು, ಅಲ್ಲಿ ನಿಲ್ದಾಣವಿಲ್ಲದಿದ್ದರೂ, ಸ್ಟೇಷನ್ನಿನ ಬಾಗಿಲಿಗೇ ನಿಂತಿತು. ಊರುಗೋಲು ಮೊದಲು ಇಳಿಯಿತು, ಆಮೇಲೆ ಕಂಡಕ್ಟರ್ ಇಳಿದ. ನಲವತ್ತರ ಆಸುಪಾಸಿನ ಮನುಷ್ಯ, ಇಸ್ತ್ರಿ ಮಾಡಿದ ಯೂನಿಫಾರ್ಮ್, ಎಡಗಡೆ ಪ್ಯಾಂಟನ್ನು ಮಡಿಸಿ ಪಿನ್ನು ಚುಚ್ಚಿದ್ದ. ಬಸ್ಸಿನ ಡ್ರೈವರು ಕಿಟಕಿಯಿಂದ ತಲೆ ಹಾಕಿ "ಸಾಯಂಕಾಲ ನನ್ನ ಗಾಡಿಗೇ ಬಾ ಮಾರಾಯ, ಈ ಹೊಸ ಹುಡುಗನಿಗೆ ಚಿಲ್ಲರೆ ಕೊಡೋಕೆ ಬರಲ್ಲ" ಎಂದು ಕೂಗಿ ಬಸ್ಸು ಬಿಟ್ಟ.

"ಈ ಡ್ರೆಸ್ಸು ಹಾಕ್ಕೊಂಡು ಬಂದೇಬಿಟ್ರಾ?" ಸೊಸೆ ಕೇಳಿದಳು.

"ಹಾಕ್ಕೊಂಡ್ರೆ ಧೈರ್ಯ ಬರುತ್ತೆ ಮೇಡಂ." ಅವನು ಅತ್ತೆಯ ಕಡೆ ತಿರುಗಿ ನಮಸ್ಕಾರ ಮಾಡಿದ. "ನಿಮ್ಮ ತಾಯಿನಾ?"

"ಅತ್ತೆ" ಎಂದಳು ಸೊಸೆ.

ಬೆಂಚಿನ ಮೇಲೆ ಟವೆಲ್ ಹಾಸಿ ಅವಳು ಕೆಲಸಕ್ಕೆ ಕೂತಳು. ಮೊಂಡಾದ ಕಾಲಿಗೆ ಮೆತ್ತನೆಯ ರಬ್ಬರ್ ಚೀಲ ತೊಡಿಸಿ, ಹೊಸ ಕಾಲು ಹಾಕಿ, ಎದ್ದು ನಿಲ್ಲಿ ಎಂದಳು. ಕಂಡಕ್ಟರ್ ಎದ್ದ, ಎರಡು ಹೆಜ್ಜೆ ಇಟ್ಟ, ಮೂರನೆಯದಕ್ಕೆ ಹಲ್ಲು ಕಚ್ಚಿದ.

"ಎಲ್ಲಿ?"

"ಏನಿಲ್ಲ ಮೇಡಂ, ಸರಿಹೋಗುತ್ತೆ."

"ನನ್ನ ಹತ್ರ ಆ ಮಾತು ಬೇಡ. ಎಲ್ಲಿ ಅಂತ ಹೇಳಿ."

ಅತ್ತೆ ಬೆರಗಾದರು. ಮನೆಯಲ್ಲಿ ಎಂದೂ ಈ ದನಿ ಕೇಳಿರಲಿಲ್ಲ. ಉಪ್ಪು ಜಾಸ್ತಿಯಾಗಿದ್ದರೂ ಸುಮ್ಮನೆ ತಿಂದು ಎದ್ದು ಹೋಗುವ ಹುಡುಗಿ ಇವಳು.

ಮೊಣಕಾಲಿನ ಕೆಳಗೆ ಹೊರಮಗ್ಗುಲಲ್ಲಿ ಒಂದು ಸಣ್ಣ ಮೂಳೆ ಒತ್ತುತ್ತಿತ್ತು. ಬಟ್ಟಲಿನ ಒಳಗಡೆ ಅದು ತಾಗುವ ಜಾಗ ಸರಿಯಾಗಿ ಎಲ್ಲಿ ಎಂದು ಗೊತ್ತಾಗಬೇಕಿತ್ತು. ಸೊಸೆ ಚೀಲವನ್ನೆಲ್ಲ ತಡಕಿದಳು. ಗುರುತು ಹಾಕುವ ಬಣ್ಣದ ಕಡ್ಡಿ ವರ್ಕ್‌ಶಾಪಿನಲ್ಲೇ ಉಳಿದಿತ್ತು. ಅವಳು ಒಂದು ಕ್ಷಣ ಯೋಚಿಸಿ, ತಲೆ ಎತ್ತದೆ ಕೇಳಿದಳು: "ಅತ್ತೆ, ನಿಮ್ಮ ಲಿಪ್‌ಸ್ಟಿಕ್ ಕೊಡ್ತೀರಾ?"

ಅತ್ತೆಯ ಮುಖಕ್ಕೆ ರಕ್ತ ನುಗ್ಗಿತು. ಗಂಡ ತೀರಿಕೊಂಡ ಮೇಲೆ ಅಕ್ಕನ ಮನೆಗೆ ಹೋಗುವಾಗ ಮಾತ್ರ, ಅದೂ ಮನೆಯ ಬೀದಿಯ ತಿರುವು ದಾಟಿದ ಮೇಲೆ, ಅವರು ತುಟಿಗೆ ಒಂಚೂರು ಬಣ್ಣ ಹಚ್ಚಿಕೊಳ್ಳುತ್ತಿದ್ದರು. ಯಾರಿಗೂ ತಿಳಿದಿಲ್ಲ ಎಂದೇ ನಂಬಿದ್ದರು.

"ನನ್ನ ಹತ್ರ ಎಲ್ಲಿ ಬರಬೇಕು?"

"ಬ್ಯಾಗಿನ ಒಳಜೇಬಲ್ಲಿ, ಕರ್ಚೀಫಿನ ಕೆಳಗೆ" ಎಂದಳು ಸೊಸೆ, ಉಪ್ಪಿನ ಡಬ್ಬಿ ಎಲ್ಲಿದೆ ಎಂದು ಹೇಳುವಷ್ಟು ಸಹಜವಾಗಿ. ಕಂಡಕ್ಟರ್ ಚಾವಣಿಯ ತಗಡನ್ನು ಬಹಳ ಆಸಕ್ತಿಯಿಂದ ನೋಡತೊಡಗಿದ. ಅತ್ತೆ ಲಿಪ್‌ಸ್ಟಿಕ್ ತೆಗೆದು ಕೊಟ್ಟರು.

ಸೊಸೆ ರಬ್ಬರ್ ಚೀಲದ ಮೇಲೆ, ನೋವಾಗುವ ಕಡೆ, ದಪ್ಪಗೆ ಒಂದು ಕೆಂಪು ಬೊಟ್ಟು ಇಟ್ಟಳು. ಕಾಲು ಹಾಕಿಸಿ, ಭಾರ ಬಿಡಿ ಎಂದು ಹೇಳಿ, ಮತ್ತೆ ಬಿಚ್ಚಿದಳು. ಬಟ್ಟಲಿನ ಒಳಮೈಯಲ್ಲಿ ಅಚ್ಚೊತ್ತಿದ ಹಾಗೆ ಕೆಂಪು ಗುರುತು ಮೂಡಿತ್ತು. ಅತ್ತೆ ಬಗ್ಗಿ ನೋಡಿದರು. ಇದೇನು, ಇಷ್ಟು ಸುಲಭವೇ ಎನ್ನಿಸಿತು. ಮರುಕ್ಷಣವೇ, ಇದು ತಮಗೆ ಹೊಳೆಯುತ್ತಿತ್ತೇ ಎಂದೂ ಅನ್ನಿಸಿತು.

ಇನ್ನು ಆ ಜಾಗವನ್ನು ಬಿಸಿ ಮಾಡಿ ಹೊರಗೆ ಉಬ್ಬಿಸಬೇಕು. ಬಿಸಿಗಾಳಿ ಊದುವ ಗನ್ನು ಸೊಸೆಯ ಚೀಲದಲ್ಲಿತ್ತು, ಆದರೆ ಅದಕ್ಕೆ ಕರೆಂಟು ಬೇಕು. ಕಾರಿನ ಡಿಕ್ಕಿಯಲ್ಲಿ, ಮನೆಯ ಗೋಡೆಯಲ್ಲಿರುವಂಥದೇ ಒಂದು ಪ್ಲಗ್ ಪಾಯಿಂಟ್ ಇತ್ತು. ಕಾರು ಚಾರ್ಜ್ ಆಗುತ್ತಿರುವಾಗ ಅದು ಕೆಲಸ ಮಾಡುತ್ತಿರಲಿಲ್ಲ. ಇಷ್ಟು ಹೊತ್ತು ತುಂಬಿದ್ದು ಗನ್ನಿಗೆ ಸಾಕಾದೀತು ಎಂದು ಲೆಕ್ಕ ಹಾಕಿ ಅವಳು ಚಾರ್ಜಿಂಗ್ ನಿಲ್ಲಿಸಿ, ಗನ್ನಿನ ಪ್ಲಗ್ಗನ್ನು ಡಿಕ್ಕಿಯೊಳಗೆ ಸಿಕ್ಕಿಸಿದಳು.

ಅದೇ ಹೊತ್ತಿಗೆ ಒಂದು ಹೂವಿನ ವ್ಯಾನು ಬಂದು ಹಿಂದೆ ನಿಂತಿತು. ಅದೂ ಕರೆಂಟಿನದೇ. ಓಡಿಸುತ್ತಿದ್ದವನು ಒಂದೆರಡು ನಿಮಿಷ ಕಾದು, ಕಂಬದ ದೀಪ ಆರಿರುವುದನ್ನು ನೋಡಿ ಕೆಳಗಿಳಿದ.

"ಏನ್ರೀ, ಚಾರ್ಜ್ ಹಾಕ್ತಿಲ್ಲ ಅಂದ್ರೆ ಜಾಗ ಬಿಡಿ. ಇದೇನು ವರ್ಕ್‌ಶಾಪಾ? ನನ್ನ ಹೂವು ಬಾಡಿಹೋಗುತ್ತೆ."

ಸೊಸೆಯ ಕೈಯಲ್ಲಿ ಪ್ಲಾಸ್ಟಿಕ್ ಆಗಲೇ ಮೆತ್ತಗಾಗತೊಡಗಿತ್ತು. ಕಣ್ಣು ಆಚೆ ಹೋದರೆ ಕೆಡುತ್ತದೆ ಎನ್ನುವುದು ಅವಳ ಮುಖ ನೋಡಿದರೇ ತಿಳಿಯುತ್ತಿತ್ತು. ಅತ್ತೆ ಎದ್ದು ಇಬ್ಬರ ನಡುವೆ ಹೋಗಿ ನಿಂತರು.

"ನೋಡಪ್ಪ, ನೀನು ಹೇಳೋದು ನ್ಯಾಯವೇ. ಈ ಕೇಬಲ್ಲು ನಿನ್ನ ಗಾಡಿಗೂ ಎಟಕುತ್ತೆ. ಪಕ್ಕಕ್ಕೆ ತಂದು ನಿಲ್ಲಿಸಿ ನೀನೇ ಹಾಕ್ಕೋ, ನಾವು ಆಮೇಲೆ ಹಾಕ್ಕೋತೀವಿ. ಆದ್ರೆ ಅವಳು ಕೆಲಸದಲ್ಲಿದ್ದಾಳೆ. ಮುಗಿಯೋ ತನಕ ಅವಳನ್ನ ಮಾತ್ರ ಮಾತಾಡಿಸಬೇಡ."

"ಏನು ಕೆಲಸ?"

"ಕಾಲು ಮಾಡ್ತಿದ್ದಾಳೆ. ನನ್ನ ಸೊಸೆ" ಎಂದರು ಅತ್ತೆ. ಬಾಯಿಂದ ಬಂದ ಮೇಲೆ ಆ ಮಾತು ಅವರಿಗೇ ಹೊಸದಾಗಿ ಕೇಳಿಸಿತು.

ವ್ಯಾನಿನವನು ಮಡಿಸಿ ಪಿನ್ನು ಚುಚ್ಚಿದ್ದ ಪ್ಯಾಂಟನ್ನು ಆಗ ಗಮನಿಸಿದ. ಗಾಡಿಯನ್ನು ಪಕ್ಕಕ್ಕೆ ತಂದು, ಕೇಬಲ್ ಹಾಕಿ, ತಾನೂ ನೋಡುತ್ತ ನಿಂತ.

ಸೊಸೆ ತುದಿ ದುಂಡಗಿದ್ದ ಮರದ ಹಿಡಿಯೊಂದನ್ನು ಬಟ್ಟಲಿನೊಳಗೆ ಇಟ್ಟು, ಕೆಂಪು ಗುರುತಿನ ಮೇಲೆ ಒತ್ತಿದಳು. ಒತ್ತುವುದು ಅಂದರೆ ಬಲ ಹಾಕಿ ತಳ್ಳುವುದಲ್ಲ. ಹಣ್ಣಾಗಿದೆಯೇ ಎಂದು ಬೆರಳಲ್ಲಿ ನೋಡುವ ಹಾಗೆ, ಸ್ವಲ್ಪ ಸ್ವಲ್ಪವೇ. ಹೊರಮೈ ಗುಬ್ಬಚ್ಚಿಯ ಎದೆಯಷ್ಟು ಉಬ್ಬಿತು. ಒದ್ದೆ ಬಟ್ಟೆ ಇಟ್ಟು ತಣ್ಣಗೆ ಮಾಡಿ, ಒಳಗೆ ಬೆರಳಾಡಿಸಿ, ಸಮಾಧಾನವಾದ ಮೇಲೆ ಕಾಲನ್ನು ಕಂಡಕ್ಟರಿಗೆ ಕೊಟ್ಟಳು.

ಅವನು ಹಾಕಿಕೊಂಡು ಎದ್ದ. ನಾಲ್ಕು ಹೆಜ್ಜೆ ನಡೆದ. ನಿಂತ. ಮತ್ತೆ ನಡೆದ.

"ಇಲ್ಲ" ಎಂದ.

"ಏನಿಲ್ಲ?"

"ನೋವೇ ಇಲ್ಲ ಮೇಡಂ." ಅವನ ದನಿಯಲ್ಲಿ ಸಂತೋಷಕ್ಕಿಂತ ಅನುಮಾನ ಹೆಚ್ಚಿತ್ತು, ಎಲ್ಲೋ ಮೋಸ ಇದೆ ಎನ್ನುವ ಹಾಗೆ.

ಸೊಸೆಗೆ ಅಷ್ಟು ಸಾಕಾಗಲಿಲ್ಲ. ನೆಲದ ಹಸಿರು ಪಟ್ಟೆಯ ಮೇಲೆ ನಡೆಯಿರಿ ಎಂದಳು. ತಾನು ಹಿಂದೆ ಕುಕ್ಕರಗಾಲಲ್ಲಿ ಕೂತು ಅವನ ಸೊಂಟ, ಭುಜ, ಹಿಮ್ಮಡಿ ಮೂರನ್ನೂ ನೋಡಿದಳು. ಕರೆದು, ಪಾದದ ಮೇಲಿನ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸಿ ಮತ್ತೆ ನಡೆಸಿದಳು. ಅತ್ತೆ ಈಗ ನಡೆಯುವವನನ್ನು ನೋಡುತ್ತಿರಲಿಲ್ಲ, ಕೂತವಳನ್ನೇ ನೋಡುತ್ತಿದ್ದರು. ಅವಳ ಹುಬ್ಬು ಗಂಟಿಕ್ಕಿತ್ತು. ಮೂಗಿನ ಮೇಲೆ ಲಿಪ್‌ಸ್ಟಿಕ್ ತಾಗಿತ್ತು. ಒಬ್ಬ ಮನುಷ್ಯನ ಪೂರ್ತಿ ನಡಿಗೆ ಅವಳ ಎರಡು ಕಣ್ಣಿನಲ್ಲಿ ತೂಗುತ್ತಿತ್ತು. ಇವಳು ನಮ್ಮ ಮನೆಯವಳು ಎಂದು ಅತ್ತೆಗೆ ಹೆಮ್ಮೆಯಾಯಿತು.

"ಮೆಟ್ಟಿಲು ಹತ್ತಿಸಿ ನೋಡಬೇಕಿತ್ತು" ಎಂದಳು ಸೊಸೆ ಸುತ್ತ ನೋಡುತ್ತ.

ವ್ಯಾನಿನವನು ಹಿಂಬಾಗಿಲು ತೆರೆದ. ಒಳಗೆ ಬಕೆಟ್ಟುಗಳ ತುಂಬ ಹೂವು. ಅವನ್ನು ಅತ್ತಿತ್ತ ಸರಿಸಿ ಜಾಗ ಮಾಡಿ, ಕೆಳಗಿದ್ದ ಕಬ್ಬಿಣದ ಮೆಟ್ಟಿಲು ತೋರಿಸಿದ. "ಇದು ಬಸ್ಸಿಗಿಂತ ಎತ್ತರ. ಇದು ಹತ್ತಿದ್ರೆ ಅದು ಯಾವ ಲೆಕ್ಕ?"

ಕಂಡಕ್ಟರ್ ಕಂಬಿ ಹಿಡಿದು ಹತ್ತಿದ. ಇಳಿದ. ಎರಡನೆಯ ಸಲ ಕಂಬಿಗೆ ಕೈ ಹಾಕದೆ ಹತ್ತಿ, ಹೂವಿನ ನಡುವೆ ನಿಂತು, ಅಭ್ಯಾಸಬಲದಿಂದ "ಒಳಗೆ ಹೋಗಿ, ಒಳಗೆ ಹೋಗಿ, ಜಾಗ ಇದೆ" ಎಂದ. ಎಲ್ಲರೂ ನಕ್ಕರು. ಅವನೂ ನಗಲು ಹೋಗಿ, ಆಗದೆ, ಹೂವಿನ ಕಡೆ ಮುಖ ತಿರುಗಿಸಿಕೊಂಡು ಸ್ವಲ್ಪ ಹೊತ್ತು ಹಾಗೇ ನಿಂತ.

ಪರೀಕ್ಷೆಯ ಹೊತ್ತು ಹತ್ತಿರವಾಗಿತ್ತು. ಕಾರಿನಲ್ಲಿದ್ದ ಚಾರ್ಜಿನಲ್ಲಿ ಡಿಪೋ ಮುಟ್ಟಿದರೂ ವಾಪಸ್ಸು ಬರುವುದು ಅನುಮಾನವಿತ್ತು. ವ್ಯಾನಿನವನು ತನ್ನ ಗಾಡಿಯಿಂದ ಕೇಬಲ್ ತಾನೇ ಕಿತ್ತು "ನಂಗೆ ಇಷ್ಟು ಸಾಕು. ಡಿಪೋ ನನ್ನ ದಾರೀಲೇ ಇದೆ, ಹತ್ಕೊಳ್ಳಿ" ಎಂದ.

ಹೊಸ ಕಾಲು, ಮೊದಲ ದಿನ. ಸೊಸೆ ಜೊತೆಗಿರಲೇಬೇಕು. ಅವಳು ಕಾರಿನ ಕಡೆ ನೋಡಿದಳು, ಅತ್ತೆಯ ಕಡೆ ನೋಡಿದಳು.

"ನೀನು ಹೋಗು. ಕಾರು ನಾನು ನೋಡ್ಕೋತೀನಿ" ಎಂದರು ಅತ್ತೆ.

"ಕಾರ್ಡು ತೋರಿಸಿ, ಕೇಬಲ್..." ಎನ್ನುತ್ತ ಸೊಸೆ ಕಾರ್ಡನ್ನು ಅವರ ಕೈಗಿಟ್ಟಳು.

"ನೀನು ಹಾಕುವಾಗ ನೋಡಿದೀನಿ ಕಣೇ. ಹೊರಡು, ಅವರಿಗೆ ತಡ ಆಗುತ್ತೆ. ಮೂಗು ಒರೆಸ್ಕೋ."

ವ್ಯಾನು ಹೋಯಿತು. ಅತ್ತೆ ಕೇಬಲ್ ಎತ್ತಿಕೊಂಡರು. ಒದ್ದೆ ಕಂಬಳಿಯಷ್ಟು ಭಾರ. ಕಾರಿಗೆ ಚುಚ್ಚಿದರೆ ಕೆಂಪು ದೀಪ ಬಂತು. ಕಿತ್ತು ಮತ್ತೆ ಚುಚ್ಚಿದರು, ಮತ್ತೂ ಕೆಂಪು. ಕೈ ಸೊಂಟದ ಮೇಲಿಟ್ಟುಕೊಂಡು ಕಂಬವನ್ನು ದುರುಗುಟ್ಟಿ ನೋಡಿದರು. ಕಾರ್ಡು ಇನ್ನೂ ತಮ್ಮ ಎಡಗೈಯಲ್ಲೇ ಇತ್ತು. ನಾಚಿಕೆಯಿಂದ ಸುತ್ತಮುತ್ತ ನೋಡಿ, ಕಾರ್ಡನ್ನು ಪರದೆಗೆ ತೋರಿಸಿ, ಕೇಬಲ್ಲನ್ನು ಅಂಗೈಯಿಂದ ಒತ್ತಿದರು. ಟಕ್ ಎಂದಿತು. ಹಸಿರು ಹತ್ತಿತು. ಜೀವನದಲ್ಲಿ ಮಿಕ್ಸಿಗಿಂತ ದೊಡ್ಡದೇನನ್ನೂ ಪ್ಲಗ್ಗಿಗೆ ಹಾಕದ ಅವರು ಬೆಂಚಿನ ಮೇಲೆ ಕೂತು, ತಾವೇ ಕಾರು ಹಡೆದವರ ಹಾಗೆ ಅದನ್ನು ನೋಡಿದರು.

ಅಕ್ಕನ ಫೋನ್ ಬಂತು. "ಎಲ್ಲಿ ಸತ್ತೆ? ಮಧ್ಯಾಹ್ನ ಆಯ್ತು."

"ಕಾರು ಚಾರ್ಜಿಗೆ ಹಾಕಿದೀನಿ. ಸೊಸೆ ಡಿಪೋಗೆ ಹೋಗಿದ್ದಾಳೆ, ಅವಳು ಮಾಡಿದ ಕಾಲು ಹಾಕ್ಕೊಂಡು ಕಂಡಕ್ಟರ್ ಪರೀಕ್ಷೆ ಕೊಡ್ತಿದ್ದಾನೆ."

"ಏನು ಮಾಡಿದ್ದು?"

"ಕಾಲು. ಅವಳ ಕೆಲಸವೇ ಅದು. ಲಿಪ್‌ಸ್ಟಿಕ್ ಹಚ್ಚಿ, ಬಿಸಿ ಮಾಡಿ, ಒಳಗಿಂದ ಉಬ್ಬಿಸಿಬಿಟ್ಲು. ನೋವೇ ಹೋಯ್ತು ನೋಡು."

ಅಕ್ಕ ಹಿಡಿದದ್ದು ಬೇರೆಯೇ ಎಳೆ. "ಲಿಪ್‌ಸ್ಟಿಕ್ ಯಾರದ್ದು?"

"ಲೈನು ಸರಿ ಇಲ್ಲ, ಆಮೇಲೆ ಮಾಡ್ತೀನಿ" ಎಂದು ಅತ್ತೆ ಫೋನಿಟ್ಟರು.

ಆಮೇಲೆ ಬಂದ ಗಾಡಿಯ ಗಂಡ ಹೆಂಡತಿ ಕೆಟ್ಟ ಕಂಬದ ಮುಂದೆ ಪರದಾಡುತ್ತಿದ್ದಾಗ, ಕಾರ್ಡು ಮೊದಲು, ಕೇಬಲ್ಲು ಆಮೇಲೆ, ಆದರೆ ಆ ಕಂಬ ಉಪಯೋಗಕ್ಕೆ ಬಾರದು, ಇದು ತುಂಬುವ ತನಕ ಕೂತಿರಿ ಎಂದು ಅತ್ತೆ ಅವರಿಗೆ ಹೇಳಿದರು. ಕೂತ ಮೇಲೆ ಮಾತು ಬಾರದೇ ಇರುತ್ತದೆಯೇ? ಕಂಡಕ್ಟರನ ಕಥೆ ಪೂರ್ತಿ ಹೇಳಿದರು. ಮುಂದೇನಾಯಿತು ಎಂದು ಅವರು ಕೇಳಿದಾಗ "ಅವಳು ಬಂದ ಮೇಲೇ ಗೊತ್ತಾಗೋದು" ಎಂದರು ಅತ್ತೆ. ಫೋನ್ ಕೈಯಲ್ಲಿ ಹಿಡಿದು ರಸ್ತೆ ನೋಡುತ್ತ ಕೂತರು.

ಸೊಸೆ ಬಂದದ್ದು ಬಸ್ಸಿನಲ್ಲಿ. ಅವಳು ರಸ್ತೆ ದಾಟುವ ಮೊದಲೇ ಅತ್ತೆಗೆ ಗೊತ್ತಾಯಿತು. ಸೋತವರು ಹಾಗೆ ಚೀಲ ಬೀಸಿಕೊಂಡು ಬರುವುದಿಲ್ಲ.

"ಹತ್ತಿದ್ರಾ?"

"ಹತ್ತಿದ್ರು, ಇಳಿದ್ರು. ಬಸ್ಸನ್ನ ಡಿಪೋ ಸುತ್ತ ಓಡಿಸಿದ್ರು, ಬ್ರೇಕ್ ಹಾಕಿ ಹಾಕಿ ನೋಡಿದ್ರು. ಅಲ್ಲಾಡಲಿಲ್ಲ ಅತ್ತೆ. ಬ್ರೇಕಿಗೆ ಪರೀಕ್ಷೆ ಮಾಡ್ತಿದ್ದ ಸಾಹೇಬ್ರೇ ಮುಗ್ಗರಿಸಿದ್ರು, ಇವರೇ ಹಿಡ್ಕೊಂಡ್ರು." ಅವಳು ಬೆಂಚಿನ ಮೇಲೆ ಕೂತಳು. "ಸೋಮವಾರದಿಂದ ಡ್ಯೂಟಿ. ಮೊದಲು ಸಣ್ಣ ರೂಟು, ಆಮೇಲೆ ಹಳೇದೇ ಕೊಡ್ತಾರಂತೆ."

ಗಂಡ ಹೆಂಡತಿ ಇಬ್ಬರೂ ಚಪ್ಪಾಳೆ ತಟ್ಟಿದರು. ಇವರು ಯಾರು ಎಂದು ತಿಳಿಯದೆ ಸೊಸೆ ಕಕ್ಕಾಬಿಕ್ಕಿಯಾಗಿ ನೋಡಿದಳು. ಅತ್ತೆ ಅವಳ ಎರಡೂ ಕೈಗಳನ್ನು ತಮ್ಮ ಕೈಯೊಳಗೆ ತೆಗೆದುಕೊಂಡು ಬಿಗಿಯಾಗಿ ಹಿಡಿದರು.

ಕಾರಿನ ಪರದೆಯ ಮೇಲೆ ಬ್ಯಾಟರಿ ಹಸಿರಾಗಿ ತುಂಬಿತ್ತು. "ನೀವೇ ಹಾಕಿದ್ರಾ?" ಎಂದಳು ಸೊಸೆ.

"ಮತ್ತಿನ್ಯಾರು ಬಂದು ಹಾಕ್ತಾರೆ?" ಅತ್ತೆ ಕೇಬಲ್ ಕಿತ್ತು, ಕಾದಿದ್ದವರ ಕೈಗೆ ಕೊಟ್ಟು, ಮುಂದಿನ ಸೀಟಿನಲ್ಲಿ ಕೂತರು.

"ನಿಮ್ಮ ಅಕ್ಕನ ಮನೆಗೇ ತಾನೆ? ಬಾಗಿಲಲ್ಲಿ ಬಿಟ್ಟು ನಾನು ಹೋಗ್ತೀನಿ."

"ಯಾಕೆ, ನೀನೂ ಒಳಗೆ ಬಾ. ಊಟ ಮಾಡು. ಅವಳಿಗೆ ನಾನು ಫೋನಲ್ಲಿ ಹೇಳಿದ್ದು ಒಂದೂ ಅರ್ಥ ಆಗಿಲ್ಲ, ನೀನೇ ಕೂತು ಮೊದಲಿಂದ ಸರಿಯಾಗಿ ಹೇಳು" ಎಂದರು ಅತ್ತೆ. ಕಾರು ರಸ್ತೆಗೆ ಇಳಿಯುತ್ತಿದ್ದಂತೆ ಸೇರಿಸಿದರು: "ನಂಗೂ ಕೇಳಬೇಕು. ಆ ಸ್ಕ್ರೂ ಯಾಕೆ ತಿರುಗಿಸಿದೆ?"

ಸೊಸೆ ವೃತ್ತದಲ್ಲಿ ಕಾರು ತಿರುಗಿಸುತ್ತ ಹೇಳತೊಡಗಿದಳು.